ಓದುವ ಮೇಡಂ ಓದದೆ ಬಿಟ್ಟದ್ದು

ಆಸ್ಪತ್ರೆಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೂರುತ್ತಿದ್ದ ಅವಳನ್ನು ಡಾಕ್ಟರಿಂದ ಹಿಡಿದು ಕಸ ಗುಡಿಸುವವರ ತನಕ ಎಲ್ಲರೂ ಲೈನಕ್ಕ ಎಂದೇ ಕರೆಯುತ್ತಿದ್ದರು. ಯಾರು ಫೋನ್ ಮಾಡಿದರೂ ‘ಲೈನಲ್ಲಿರಿ’ ಅನ್ನುವುದು ಅವಳ ಮೊದಲ ಮಾತು. ಅದೇ ಹೆಸರಾಗಿ ಅಂಟಿಕೊಂಡಿತ್ತು. ಚಿಕ್ಕಂದಿನಲ್ಲಿ ಬಂದ ಒಂದು ಕೆಟ್ಟ ಜ್ವರ ಅವಳ ಎರಡು ಕಣ್ಣನ್ನೂ ಕಿತ್ತುಕೊಂಡು ಹೋಗಿತ್ತು. ಬಿಟ್ಟುಹೋದದ್ದು ಚುರುಕಾದ ಕಿವಿ, ಅದಕ್ಕಿಂತ ಚುರುಕಾದ ನಾಲಿಗೆ. ಎಕ್ಸ್‌ಚೇಂಜಿನ ಬಾಗಿಲಲ್ಲಿ ನಿಂತು ಯಾರಾದರೂ “ಪಾಪ, ಕಣ್ಣು ಕಾಣಲ್ವಂತೆ” ಎಂದು ಪಿಸುಗುಟ್ಟಿದರೆ, “ಕಿವಿ ಕೇಳುತ್ತೆ ಕಣ್ರೀ, ಒಳಗೆ ಬಂದು ಗಟ್ಟಿಯಾಗೇ ಹೇಳಿ” ಅನ್ನುತ್ತಿದ್ದಳು. ಕೋಪ ಮೂಗಿನ ತುದಿಯಲ್ಲೇ ಇದೆ ಎಂದು ಜನ ಆಡಿಕೊಳ್ಳುತ್ತಿದ್ದರು. ಆದರೆ ಅವಳ ಕೋಪದ ನಿಜವಾದ ಅಳತೆ ಅವರಿಗೆ ಸಿಕ್ಕಿದ್ದು ಅವಳಿಗೆ ಐವತ್ತು ದಾಟಿದ ಮೇಲೆ, ಒಂದು ಪುಸ್ತಕದ ವಿಷಯಕ್ಕೆ.

ಪುಸ್ತಕವೆಂದರೆ ಲೈನಕ್ಕನಿಗೆ ಪ್ರಾಣ. ನಗರದ ದೊಡ್ಡ ಗ್ರಂಥಾಲಯದ ಹಿಂಭಾಗದಲ್ಲಿ, ಹಳೆಯ ಪತ್ರಿಕೆಗಳ ಬೈಂಡುಗಳನ್ನು ಪೇರಿಸಿಟ್ಟ ಕೋಣೆಯನ್ನು ದಾಟಿದರೆ, ಕಣ್ಣು ಕಾಣದವರಿಗೂ ಮಬ್ಬಾಗಿ ಕಾಣುವವರಿಗೂ ಮೀಸಲಾದ ವಿಭಾಗವಿತ್ತು. ಅಲ್ಲಿ ಓದಿ ಧ್ವನಿಮುದ್ರಿಸಿದ ಪುಸ್ತಕಗಳು ಸಿಗುತ್ತಿದ್ದವು. ಮೊದಲು ಕ್ಯಾಸೆಟ್, ಆಮೇಲೆ ಉಗುರಿನಷ್ಟೇ ಇರುವ ಕಾರ್ಡು. ಪಕ್ಕದಲ್ಲೇ, ಸದ್ದು ಒಳಗೆ ಬಾರದಿರಲೆಂದು ಗೋಡೆಗೆಲ್ಲ ಹಳೇ ಕಂಬಳಿ ಹೊಡೆದ ಒಂದು ಗೂಡಿನಂಥ ಕೋಣೆ. ಅದರೊಳಗೆ ಕೂತು ಓದುತ್ತಿದ್ದವರು ನಿವೃತ್ತ ಶಾಲಾ ಶಿಕ್ಷಕಿಯೊಬ್ಬರು. ಎಲ್ಲರಿಗೂ ಅವರು ‘ಓದುವ ಮೇಡಂ’. ಬಿಡಿಗಾಸು ಪಡೆಯದೆ ವರ್ಷಗಟ್ಟಲೆ ಓದಿದವರು. ಅವರದು ಬೆಚ್ಚಗಿನ ನೀರಿನಂಥ ಧ್ವನಿ. ಒಂದು ರೆಕಾರ್ಡಿಂಗಿನಲ್ಲಿ ಅವರು ಎರಡು ಸಲ ಕೆಮ್ಮಿದ್ದಕ್ಕೆ ಕೇಳುಗರೆಲ್ಲ ಗಾಬರಿಯಾಗಿ ಗ್ರಂಥಾಲಯಕ್ಕೆ ಜೇನುತುಪ್ಪದ ಬಾಟಲಿಗಳನ್ನು ಹೊತ್ತು ತಂದಿದ್ದರು. ಲೈನಕ್ಕನೂ ಒಂದು ತಂದಿದ್ದಳು.

ಅಂಥ ಪುಸ್ತಕಗಳಲ್ಲೆಲ್ಲ ಅವಳಿಗೆ ಒಂದರ ಋಣ ದೊಡ್ಡದು ಅನಿಸಿತ್ತು. ಅದು ಒಬ್ಬ ಅಂಬಿಗನ ಹೆಂಡತಿಯ ಕಥೆ. ಗಂಡನ ಮನೆಯಲ್ಲಿ ಮೂಲೆಗುಂಪಾದವಳು, ಒಂದು ಮುಂಜಾನೆ ಗಂಡನ ದೋಣಿಯನ್ನೇ ಬಿಚ್ಚಿಕೊಂಡು ಹೊಳೆಗೆ ಇಳಿಯುತ್ತಾಳೆ. ನಡುಹೊಳೆಯಲ್ಲಿ ಅತ್ತೆಯ ಕೂಗು ಕೇಳಿಸುತ್ತದೆ. ದೋಣಿ ತಿರುಗಿಸುತ್ತಾಳೆ. ಮನೆಯವರು ಅತ್ತು ತಪ್ಪೊಪ್ಪಿಕೊಂಡು ಒಳಗೆ ಕರೆದುಕೊಳ್ಳುತ್ತಾರೆ. “ಎಷ್ಟಾದರೂ ಮನೆ ಮನೆಯೇ” ಎಂಬ ಮಾತಿನೊಂದಿಗೆ ಕಥೆ ಮುಗಿಯುತ್ತದೆ.

ಲೈನಕ್ಕ ಇದನ್ನು ಮೊದಲ ಸಲ ಕೇಳಿದ್ದು ಮೂವತ್ತರ ಆಚೀಚೆಯಲ್ಲಿ, ಆಸ್ಪತ್ರೆಯ ಹಿಂದಿನ ಬೀದಿಯ ಒಂದು ಬಾಡಿಗೆ ಕೋಣೆಯಲ್ಲಿ. ಆಗ ಅವಳು ಅಣ್ಣನ ಮನೆ ಬಿಟ್ಟು ಬಂದಿದ್ದಳು. ಆ ಮನೆಯಲ್ಲಿ ಅನ್ನಕ್ಕೆ ಬಟ್ಟೆಗೆ ಕೊರತೆ ಇರಲಿಲ್ಲ. ನೆಂಟರು ಬಂದಾಗ ಮಾತ್ರ ಅತ್ತಿಗೆ “ನೀನು ಒಳಗಿರು ಕಣೇ, ಬಂದವರಿಗೆ ಎದುರಾಗಿ ಎಡವಿಗಿಡವಿ ಬಿದ್ದೀಯ” ಎಂದು ಹಿಂದಿನ ಕೋಣೆಗೆ ಕಳಿಸುತ್ತಿದ್ದಳು. ಆಸ್ಪತ್ರೆಯ ಲಾಂಡ್ರಿಯಲ್ಲಿ ಕೆಲಸಕ್ಕಿದ್ದ ಒಬ್ಬ, ಊಟದ ಹೊತ್ತಿನಲ್ಲಿ ಎಕ್ಸ್‌ಚೇಂಜಿನ ಕಿಟಕಿ ಹತ್ತಿರ ನಿಂತು ಹರಟೆ ಹೊಡೆಯುತ್ತಿದ್ದವನು, ಒಂದು ಭಾನುವಾರ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವಳನ್ನು ಮದುವೆಗೆ ಕೇಳಲು ಮನೆಗೇ ಬಂದಿದ್ದ. ಅಣ್ಣ ಅವನನ್ನು ಹೊಸ್ತಿಲಲ್ಲೇ ನಿಲ್ಲಿಸಿ ವಾಪಸು ಕಳಿಸಿದ. ಒಳಗೆ ಅವಳಿಗೆ ಕೇಳಿಸಬಾರದೆಂದು ಅತ್ತಿಗೆ ಅಷ್ಟು ಹೊತ್ತೂ ಮಿಕ್ಸಿ ಓಡಿಸುತ್ತಿದ್ದಳು. ಮರುದಿನ ಕಿಟಕಿಯ ಬಳಿ ಅವನ ಬಾಯಿಂದ ವಿಷಯ ತಿಳಿದಾಗ ಲೈನಕ್ಕ ಸೀದಾ ಹೋಗಿ ಬಟ್ಟೆ ಗಂಟು ಕಟ್ಟಿಕೊಂಡಳು.

ಒಂಟಿ ಬಾಳು ಸುಲಭವಾಗಿರಲಿಲ್ಲ. ಸ್ಟವ್ ಹಚ್ಚುವಾಗ ಕೈ ಸುಟ್ಟುಕೊಂಡಳು, ಒಮ್ಮೆ ಬೀಗದ ಕೈ ಕಳೆದುಕೊಂಡು ಮೆಟ್ಟಿಲ ಮೇಲೆ ಕೂತಳು. ಲಾಂಡ್ರಿಯವನು “ಅವಸರ ಇಲ್ಲ, ನೀವು ಯೋಚನೆ ಮಾಡಿ ಹೇಳಿ” ಎಂದಿದ್ದ. ಹೇಳಬೇಕೆಂದು ಅವಳೂ ಮನಸ್ಸು ಮಾಡಿಕೊಳ್ಳುತ್ತಿದ್ದಳು. ಅಂಥ ದಿನಗಳಲ್ಲೇ ಓದುವ ಮೇಡಂ ಧ್ವನಿಯಲ್ಲಿ ಅಂಬಿಗನ ಹೆಂಡತಿ ದೋಣಿ ತಿರುಗಿಸಿದ್ದು. ಲೈನಕ್ಕ ಬಿಕ್ಕಿ ಬಿಕ್ಕಿ ಅತ್ತಳು. ತನಗಿಂತ ನೂರು ಪಾಲು ನೊಂದವಳೇ ಮರಳಿ ಹೋದಳು, ತನ್ನದೇನು ಹೆಚ್ಚುಗಾರಿಕೆ ಅನಿಸಿತು. ಆ ವಾರವೇ ಅಣ್ಣನ ಮನೆಗೆ ಹಿಂದಿರುಗಿದಳು. ಅಲ್ಲಿ ಯಾರೂ ಅಳಲಿಲ್ಲ, ಯಾರೂ ತಪ್ಪೊಪ್ಪಿಕೊಳ್ಳಲಿಲ್ಲ. ಅತ್ತಿಗೆ “ಬಂದ್ಯಾ? ಚಪ್ಪಲಿ ಆಚೆ ಬಿಡು” ಎಂದಳು, ಅಷ್ಟೆ. ಲಾಂಡ್ರಿಯವನು ಸ್ವಲ್ಪ ಕಾಲ ಕಾದ. ಆಮೇಲೆ ಬೇರೆ ಊರಿಗೆ ಕೆಲಸ ಬದಲಾಯಿಸಿಕೊಂಡು ಹೋದ, ಅಲ್ಲೇ ಸಂಸಾರಸ್ಥನಾದ ಎಂಬ ಸುದ್ದಿ ಬಂತು.

ಅದಾಗಿ ಇಪ್ಪತ್ತು ವರ್ಷ ಕಳೆದ ಮೇಲೆ, ಮೂಳೆ ವಾರ್ಡಿಗೆ ಕಾಲು ಮುರಿದುಕೊಂಡು ಒಬ್ಬ ವಯಸ್ಸಾದ ಮೇಷ್ಟ್ರು ಬಂದು ಸೇರಿದರು. ಮಧ್ಯಾಹ್ನವಾದರೆ ಸಾಕು, ಹಾಸಿಗೆ ಪಕ್ಕದ ಫೋನೆತ್ತಿ ಮನೆಗೆ ಲೈನ್ ಕೊಡಿ ಅನ್ನುವರು. ಮನೆಯಲ್ಲಿ ಯಾರೂ ಎತ್ತುತ್ತಿರಲಿಲ್ಲ. ಆಮೇಲೆ ಲೈನಕ್ಕನ ಜೊತೆಗೇ ಮಾತಿಗೆ ಶುರು. ಇಬ್ಬರಿಗೂ ಪುಸ್ತಕದ ಹುಚ್ಚು ಎಂದು ಗೊತ್ತಾದ ಮೇಲಂತೂ ಕೇಳುವುದೇ ಬೇಡ. ಒಂದು ದಿನ ಅಂಬಿಗನ ಹೆಂಡತಿಯ ಮಾತು ಬಂತು.

“ಏನು ಗಟ್ಟಿಗಿತ್ತಿ ರೀ ಅವಳು! ಆಚೆ ದಡಕ್ಕೆ ಇಳಿದು ದೋಣೀನ ಕಾಲಲ್ಲಿ ಒದ್ದುಬಿಡ್ತಾಳಲ್ಲ” ಅಂದರು ಮೇಷ್ಟ್ರು.

“ಎಲ್ಲಿ ಒದೀತಾಳೆ? ವಾಪಸ್ ಬರ್ತಾಳಲ್ಲ.”

“ವಾಪಸ್ಸಾ? ಯಾರು ಹೇಳಿದ್ದು ನಿಮಗೆ?”

“ಮೇಷ್ಟ್ರೇ, ನಿಮಗೆ ಮುರಿದಿದ್ದು ಕಾಲಾ, ತಲೆಯಾ? ಆ ಪುಸ್ತಕ ನನಗೆ ಬಾಯಿಪಾಠ.”

“ನನಗೂ ಬಾಯಿಪಾಠಾನೇ ತಾಯಿ. ಮಕ್ಕಳಿಗೆ ಪಾಠ ಮಾಡಿದೀನಿ.”

ಮಾತಿಗೆ ಮಾತು ಬೆಳೆಯಿತು. ಮೇಷ್ಟ್ರು ಹಟ ಹಿಡಿದು ಮಗಳ ಕೈಲಿ ಪುಸ್ತಕ ತರಿಸಿದರು. ಮಾರನೇ ಮಧ್ಯಾಹ್ನ ಫೋನಿನಲ್ಲೇ ಕೊನೆಯ ಅಧ್ಯಾಯ ಓದತೊಡಗಿದರು. ಲೈನಕ್ಕ ಒಂದು ಕಿವಿಗೆ ಅವರನ್ನು ಇಟ್ಟುಕೊಂಡು, ಬೇರೆ ಕರೆಗಳು ಬಂದಾಗ “ಒಂದ್ನಿಮಿಷ ನಿಲ್ಲಿ” ಎಂದು ಅವರನ್ನು ತಡೆದು, ಹೆರಿಗೆ ವಾರ್ಡಿಗೆ ಒಂದು, ರಕ್ತನಿಧಿಗೆ ಒಂದು ಲೈನ್ ಕೊಟ್ಟು ಮತ್ತೆ ಮರಳುತ್ತಿದ್ದಳು. ಹಾಗೆ ತುಂಡು ತುಂಡಾಗಿ ಕಥೆ ಮುಂದುವರಿಯಿತು. ಅತ್ತೆ ಕೂಗಿದಳು. ಯಾರೋ ಔಷಧಿ ಅಂಗಡಿ ಕೇಳಿದರು. ಅಂಬಿಗನ ಹೆಂಡತಿ ಹುಟ್ಟು ನಿಲ್ಲಿಸಿ, ಕೂಗನ್ನು ಪೂರ್ತಿ ಕೇಳಿಸಿಕೊಂಡು, ಮತ್ತೆ ಹುಟ್ಟು ಹಾಕಿದಳು. ತುರ್ತು ವಿಭಾಗದಿಂದ ಡಾಕ್ಟರು ಕರೆದರು. ಅವಳು ಆಚೆ ದಡದ ಕೆಸರಿಗೆ ಕಾಲಿಟ್ಟಳು, ದೋಣಿಯನ್ನು ಕಾಲಲ್ಲಿ ಸೆಳವಿಗೆ ಒದ್ದಳು, ತಿರುಗಿ ನೋಡದೆ ಕಬ್ಬಿನ ಗದ್ದೆಗಳ ನಡುವೆ ನಡೆದುಹೋದಳು. ಅಷ್ಟೇ. ಕಥೆ ಮುಗಿದಿತ್ತು. ‘ಮನೆ ಮನೆಯೇ’ ಎಂಬ ಮಾತು ಆ ಪುಸ್ತಕದಲ್ಲಿ ಎಲ್ಲೂ ಇರಲಿಲ್ಲ.

“ನಾನು ಹೇಳಿದ್ದೇ ಸರಿ ಅಲ್ವಾ?” ಎಂದು ಗೆದ್ದ ಖುಷಿಯಲ್ಲಿ ಕೇಳಿದರು ಮೇಷ್ಟ್ರು.

ಲೈನಕ್ಕ ಲೈನ್ ಕಡಿದಳು. ಅಳು ಬರಲಿಲ್ಲ. ಅಂಗಾಲಿನಿಂದ ನೆತ್ತಿಯವರೆಗೆ ಏನೋ ಕುದಿಯುತ್ತಾ ಏರಿತು. ಅಂಬಿಗನ ಹೆಂಡತಿಯ ದೋಣಿ ತಿರುಗಿಸಿದ ಕೈ ತನ್ನ ದೋಣಿಯನ್ನೂ ತಿರುಗಿಸಿತ್ತು, ಅದೂ ತನಗೆ ಹೇಳದೆ ಕೇಳದೆ.

ಕೆಲಸ ಮುಗಿಸಿ ಕೋಲು ಬೀಸುತ್ತ ಗ್ರಂಥಾಲಯಕ್ಕೆ ಹೋದಳು. ಆ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ಗುಮಾಸ್ತ ಕುರ್ಚಿ ಎಳೆದು ಕೂರಿಸಿ, ಹೊಸ ಕಾರ್ಡು ಬಂದಿದೆ ಎಂದ.

“ಹೊಸದು ಹಾಗಿರಲಿ. ಹಳೇದರಲ್ಲಿ, ಆ ಅಂಬಿಗನ ಹೆಂಡತಿ ಕಥೇಲಿ, ಕೊನೆ ಅಧ್ಯಾಯ ಯಾರು ಬರೆದಿದ್ದು, ಹೇಳಿ.”

ಅವನಿಗೆ ಅರ್ಥವಾಗಲು ತಡವಾಗಲಿಲ್ಲ. ಅದೇ ಅವಳಿಗೆ ಇನ್ನಷ್ಟು ಉರಿ ತರಿಸಿತು. ಅವನು ಮೇಜಿನ ಮೇಲೆ ಬೆರಳು ಕುಟ್ಟುತ್ತ ಹೇಳಿದ: “ಮೇಡಂ ಒಳ್ಳೇದಕ್ಕೇ ಮಾಡಿರ್ತಾರೆ ಬಿಡಿ. ತೀರಾ ಮನಸ್ಸಿಗೆ ನೋವಾಗೋ ಕಡೆ ಒಂಚೂರು ಆಚೆ ಈಚೆ ಮಾಡ್ತಾರೆ. ಒಂದೆರಡು ಸಲ ನಾನೇ ಹೇಳಿದ್ದೆ, ಇದು ನಮ್ಮವರಿಗೆ ಬೇಡ ಅಂತ.”

“ನಮ್ಮವರು ಅಂದ್ರೆ ಯಾರು? ನೀವು ಕುರುಡರಾ?”

“ಅಯ್ಯೋ, ಹಾಗಲ್ಲ…”

“ಎಷ್ಟು ಪುಸ್ತಕ ಹೀಗೆ ಕೆಡಿಸಿದೀರಿ?”

“ಕೆಡಿಸೋದು ಏನು ಬಂತು? ಕಥೆ ತಾನೇ. ಕಥೆ ಕೇಳಿ ಯಾರಾದ್ರೂ ಬದುಕು ಬದಲಾಯಿಸ್ತಾರಾ?”

“ಬದಲಾಯಿಸಲ್ಲ ಅಂದ್ರೆ ನೀವ್ಯಾಕೆ ಕಥೆ ಬದಲಾಯಿಸಿದ್ರಿ?” ಎಂದು ಲೈನಕ್ಕ ಮೇಜಿನ ಮೇಲೆ ಅಂಗೈ ಬಡಿದಳು. ಪೆನ್ನಿನ ಡಬ್ಬಿ ಉರುಳಿ ಬಿತ್ತು.

ಸದ್ದಿಗೆ ಕಂಬಳಿ ಕೋಣೆಯ ಬಾಗಿಲು ತೆರೆಯಿತು. ಓದುವ ಮೇಡಂ ಒಳಗೇ ಇದ್ದರು. ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹತ್ತಿರ ಬಂದು ಲೈನಕ್ಕನ ಭುಜ ಹಿಡಿದರು. ಆ ಬೆಚ್ಚಗಿನ ಧ್ವನಿಯಲ್ಲೇ “ಕೂತ್ಕೋಮ್ಮ, ಹೇಳ್ತೀನಿ” ಎಂದರು. ಲೈನಕ್ಕ ಕೂರಲಿಲ್ಲ.

ಮೇಡಂ ಮುಚ್ಚಿಡಲಿಲ್ಲ. ಮೊದಮೊದಲು ಒಂದು ಪುಸ್ತಕದಲ್ಲಿ ಕಣ್ಣಿಲ್ಲದ ಮನುಷ್ಯನೊಬ್ಬ ಬಾಳು ಸಾಕೆಂದು ಬಾವಿಗೆ ಬೀಳುತ್ತಾನಂತೆ. ಅದನ್ನು ಕಣ್ಣಿಲ್ಲದವರಿಗೆ ಓದಿ ಹೇಳಲು ಬಾಯಿ ಬರಲಿಲ್ಲವಂತೆ. ಅವನನ್ನು ಯಾರೋ ಎಳೆದು ಬದುಕಿಸಿದರು ಎಂದು ತಾವೇ ಸೇರಿಸಿ ಓದಿದರಂತೆ. ಯಾರಿಗೂ ಗೊತ್ತಾಗಲಿಲ್ಲ, ಎಲ್ಲರೂ ಚೆನ್ನಾಗಿದೆ ಎಂದರು. ಆಮೇಲೆ ಅದೇ ಅಭ್ಯಾಸವಾಯಿತು.

“ಅಂಬಿಗನ ಹೆಂಡತಿ ಬಾವಿಗೆ ಬೀಳಲಿಲ್ಲವಲ್ಲ ಮೇಡಂ. ಬದುಕೋಕೆ ಹೋದಳು. ಅವಳನ್ನ ಯಾಕೆ ಎಳ್ಕೊಂಡು ಬಂದ್ರಿ?”

ಮೇಡಂ ಅವಳ ಭುಜ ಸವರಿದರು. “ನೋಡಮ್ಮ, ನೀವೆಲ್ಲ ಮನೆಯವರನ್ನೇ ನಂಬ್ಕೊಂಡು ಇರೋರು. ಮನೆ ಬಿಟ್ಟು ಹೋಗೋ ಕಥೆ ಹೇಳಿ ನಿಮ್ಮ ತಲೆ ಕೆಡಿಸಿದರೆ, ನಾಳೆ ಯಾರಾದ್ರೂ ಹೊರಟೇ ಬಿಟ್ಟರೆ ಗತಿ ಏನು? ಆ ಪಾಪ ನನಗೆ ಬೇಡ ಅಂತ…”

“ನಾನು ಹೊರಟಿದ್ದೆ ಮೇಡಂ” ಎಂದಳು ಲೈನಕ್ಕ. “ಹೊರಟು ಕೋಣೆ ಮಾಡ್ಕೊಂಡಿದ್ದೆ. ನಿಮ್ಮ ಕ್ಯಾಸೆಟ್ ಕೇಳಿ ವಾಪಸ್ ಹೋದೆ.”

ಗುಮಾಸ್ತನ ಬೆರಳು ನಿಂತಿತು. ಮೇಡಂ ಕೈ ಅವಳ ಭುಜದಿಂದ ಜಾರಿತು.

“ಒಳ್ಳೇದೇ ಆಯ್ತಲ್ಲಮ್ಮ” ಎಂದರು ಮೇಡಂ ಕೊನೆಗೆ, ಅರ್ಧ ಪ್ರಶ್ನೆಯ ಹಾಗೆ.

“ಅದು ಒಳ್ಳೇದೋ ಕೆಟ್ಟದ್ದೋ ಗೊತ್ತಾಗೋಕೆ ನನಗೆ ದಾರೀನೇ ಇಟ್ಟಿಲ್ವಲ್ಲ ನೀವು! ನಿಜವಾದ ಕಥೆ ಕೇಳಿಯೂ ವಾಪಸ್ ಹೋಗ್ತಿದ್ದೆನೋ ಏನೋ. ಹೋಗಿದ್ದರೆ ಅದು ನನ್ನ ತಪ್ಪು ಆಗಿರ್ತಿತ್ತು. ನನ್ನ ತಪ್ಪನ್ನೂ ನೀವೇ ಮಾಡಿಬಿಟ್ರಿ. ಕಣ್ಣು ಹೋಗಿದ್ದು ಜ್ವರಕ್ಕೆ, ಅದಕ್ಕೆ ಯಾರನ್ನೂ ಬೈಯೋ ಹಾಗಿಲ್ಲ. ಇದಕ್ಕೆ ಬೈತೀನಿ. ಸಾಯೋ ತನಕ ಬೈತೀನಿ.”

ಮೇಡಂ ಅಳತೊಡಗಿದರು. ಲೈನಕ್ಕನಿಗೆ ಆ ಅಳು ಕೇಳಿ ಪಾಪ ಅನಿಸಿದ್ದು ನಿಜ. ಅದಕ್ಕೂ ಅವಳಿಗೆ ಸಿಟ್ಟು ಬಂತು. ಕೋಲು ತೆಗೆದುಕೊಂಡು ಹೊರಟುಬಂದಳು.

ಮುಂದಿನ ದಿನಗಳಲ್ಲಿ ಅವಳು ತನಗೆ ಗೊತ್ತಿದ್ದ ಕೇಳುಗರಿಗೆಲ್ಲ ಒಬ್ಬೊಬ್ಬರಿಗೇ ಫೋನ್ ಮಾಡಿದಳು. ಬೆನ್ನು ತಟ್ಟುತ್ತಾರೆ ಅಂದುಕೊಂಡಿದ್ದಳು. ಬಹಳ ಜನ ಅವಳಿಗೇ ಉಗಿದರು. ಕುರ್ಚಿಗೆ ಬೆತ್ತ ಹೆಣೆಯುವ ಒಬ್ಬಾತ, “ಉಂಡ ತಟ್ಟೆಗೆ ಮಣ್ಣು ಹಾಕ್ತೀಯಲ್ಲ ಅಕ್ಕ. ತಾಯಿ ಹಾಗೆ ಓದಿದಾರೆ. ಆಕೆ ಬಿಟ್ಟರೆ ನಮಗೆ ಇನ್ಯಾರಿದಾರೆ?” ಅಂದ. ಇನ್ನೊಬ್ಬಾಕೆ, “ದಾನಕ್ಕೆ ಬಂದ ಎಮ್ಮೆ ಹಲ್ಲು ಹಿಡಿದು ನೋಡೋಕೆ ಹೋಗಬಾರದು” ಎಂದು ಗಾದೆ ಹೇಳಿದಳು.

“ಎಮ್ಮೆ ಹಲ್ಲು ನೋಡ್ತಿಲ್ಲ ಕಣೇ, ಎಮ್ಮೇನೇ ಅಲ್ಲ ಅದು ಅಂತ ಹೇಳ್ತಿದೀನಿ” ಎಂದು ಲೈನಕ್ಕ ಫೋನ್ ಕುಕ್ಕಿದಳು.

ಜೊತೆಗೆ ನಿಂತವಳು ಒಬ್ಬಳೇ. ಕಣ್ಣು ಅರೆಬರೆ ಕಾಣುತ್ತಿದ್ದ ಒಬ್ಬ ಕಾಲೇಜು ಹುಡುಗಿ. ಪರೀಕ್ಷೆಯಲ್ಲಿ ಅದೇ ಪುಸ್ತಕದ ಮೇಲೆ ಪ್ರಶ್ನೆ ಬಂದಿತ್ತು. ಅವಳು ಕೇಳಿದ್ದನ್ನು ಕೇಳಿದ ಹಾಗೇ ಬರೆದಿದ್ದಳು. ಪುಸ್ತಕ ಓದದೆ ಮನಸ್ಸಿಗೆ ಬಂದದ್ದು ಗೀಚಿದ್ದಾಳೆ ಎಂದು ಕಾಲೇಜಿನ ಲೆಕ್ಚರರ್ ಒಬ್ಬರು ತರಗತಿಯ ಎದುರು ನಿಲ್ಲಿಸಿ ನಗಾಡಿದ್ದರು. “ನನ್ನ ಕಿವಿಗೇ ಏನೋ ಆಗಿದೆ ಅಂದ್ಕೊಂಡಿದ್ದೆ ಅಕ್ಕ. ಆಮೇಲೆ ತರಗತೀಲಿ ಬಾಯೇ ಬಿಟ್ಟಿಲ್ಲ” ಎಂದಳು ಹುಡುಗಿ.

ಇಬ್ಬರೂ ಸೇರಿ ಮುಖ್ಯ ಗ್ರಂಥಪಾಲಕರ ಕೋಣೆಗೆ ನುಗ್ಗಿದರು. ಮೆತ್ತನೆ ಸೋಫಾ, ಫ್ಯಾನಿನ ಗಾಳಿ, ಸಕ್ಕರೆ ಹೆಚ್ಚಾದ ಟೀ. ಮುಖ್ಯಸ್ಥರು ಸಮಾಧಾನದ ಮಾತಿನಲ್ಲಿ ಪಳಗಿದವರು. “ಉಚಿತ ಸೇವೆ ಅಮ್ಮ, ಸಣ್ಣಪುಟ್ಟ ಲೋಪ ಇರುತ್ತೆ, ದೊಡ್ಡ ಮನಸ್ಸು ಮಾಡಿ” ಎಂದರು.

ಲೈನಕ್ಕ ಟೀ ಮುಟ್ಟಲಿಲ್ಲ. “ಮುಂದಿನ ಹಾಲ್‌ನಲ್ಲಿ ಕೂತು ಓದ್ತಾರಲ್ಲ ಕಣ್ಣಿರೋರು, ಅವರ ಪುಸ್ತಕದ ಕೊನೇ ಹಾಳೆ ಹರಿದು ನಿಮ್ಮ ಗುಮಾಸ್ತರು ತಮ್ಮ ಕೈಬರಹದ್ದು ಅಂಟಿಸಿದ್ರೆ ಏನು ಮಾಡ್ತೀರಿ?”

“ಅದು… ಅದು ಬೇರೆ.”

“ಯಾಕೆ ಬೇರೆ?”

ಅವರು ಟೀ ಲೋಟವನ್ನು ಅವಳ ಹತ್ತಿರಕ್ಕೆ ಸರಿಸಿದರು. ಹೇಳಿದರೆ ಏನು ಹೇಳಬೇಕಾಗುತ್ತದೆ ಎಂಬುದು ಅವರಿಗೂ ಗೊತ್ತಿತ್ತು. ಹುಡುಗಿ, “ಸರ್, ಉತ್ತರ ಬರೋ ತನಕ ನಾವಿಲ್ಲೇ ಕೂತಿರ್ತೀವಿ” ಎಂದಳು. ಕೂತರು. ಮುಖ್ಯಸ್ಥರು ಮೀಟಿಂಗಿಗೆ ಹೋಗಿ ಬಂದರು, ಊಟಕ್ಕೆ ಹೋಗಿ ಬಂದರು. ಇಬ್ಬರೂ ಅಲ್ಲೇ ಇದ್ದರು. ಬಾಗಿಲು ಹಾಕುವ ಹೊತ್ತಿಗೆ ಅವರು ಸೋತ ದನಿಯಲ್ಲಿ, ಅನುಮಾನವಿರುವ ಪುಸ್ತಕಗಳನ್ನೆಲ್ಲ ಮೂಲದೊಂದಿಗೆ ಹೋಲಿಸಿ ಹೊಸದಾಗಿ ಓದಿಸುತ್ತೇವೆ ಎಂದು ಒಪ್ಪಿಕೊಂಡರು.

ಒಪ್ಪಿಕೊಂಡಷ್ಟು ಸಲೀಸಾಗಿ ಕೆಲಸ ಆಗಲಿಲ್ಲ. ಓದುವ ಮೇಡಂ ನೊಂದುಕೊಂಡು ಬರುವುದನ್ನೇ ಬಿಟ್ಟರು. ಬೇರೆಯವರು ಸಿಗಲಿಲ್ಲ. ವಿಭಾಗಕ್ಕೆ ತಿಂಗಳುಗಟ್ಟಲೆ ಬೀಗ. ಬೆತ್ತ ಹೆಣೆಯುವವನು ಎಕ್ಸ್‌ಚೇಂಜಿಗೇ ಫೋನ್ ಮಾಡಿ, “ಅರೆಹೊಟ್ಟೆಗಾದರೂ ಸಿಗ್ತಿತ್ತು, ಅದಕ್ಕೂ ಕಲ್ಲು ಹಾಕಿದೆ. ಈಗ ಸಂತೋಷಾನಾ?” ಎಂದು ಕೇಳಿದ. ಲೈನಕ್ಕನಿಗೆ ಆ ಮಾತು ಚುಚ್ಚಿತು. ಒಬ್ಬ ಹೆಂಗಸಿನ ಕರುಣೆಗೆ ಇಡೀ ವಿಭಾಗವನ್ನು ಜೋತುಬಿಟ್ಟ ಗ್ರಂಥಾಲಯವನ್ನು ಅವನು ಬೈಯಲಿಲ್ಲ, ಬೈದದ್ದು ತನ್ನನ್ನು. ಆದರೂ ಅವಳು ಹಿಂದೆ ಸರಿಯಲಿಲ್ಲ. ವಾರಕ್ಕೊಮ್ಮೆ ಮುಖ್ಯಸ್ಥರಿಗೆ ಫೋನ್ ಮಾಡಿ “ಏನಾಯ್ತು?” ಅನ್ನುವಳು. ಅವರು ಊರಲ್ಲಿಲ್ಲ ಎಂದು ಯಾರಾದರೂ ಹೇಳಿದರೆ, “ನಿಮ್ಮ ಹಿಂದೆ ಅವರು ಕೆಮ್ಮಿದ್ದು ಕೇಳಿಸಿತು, ಫೋನ್ ಕೊಡಿ” ಅನ್ನುವಳು.

ಕೊನೆಗೆ ಓದಲು ಬಂದವರು ಮೇಷ್ಟ್ರು. ಮೂಳೆ ಕೂಡಿ, ಊರುಗೋಲು ಹಿಡಿದು ನಡೆಯುವಷ್ಟಾಗಿದ್ದರು. ಅವರ ಧ್ವನಿಯೋ, ಜಲ್ಲಿಕಲ್ಲು ಸುರಿದ ಹಾಗೆ. ಜೊತೆಗೆ ಪಾಠ ಮಾಡಿದ ಚಾಳಿ ಬೇರೆ. ನಡುನಡುವೆ “ಇಲ್ಲಿ ಗಮನಿಸಿ” ಎಂದು ಸ್ವಂತ ವಿವರಣೆ ಸೇರಿಸುವರು. ಲೈನಕ್ಕ ಮೊದಲ ಕಾರ್ಡು ಕೇಳಿದವಳೇ ಹೋಗಿ ಜಾಡಿಸಿದಳು: “ಗಮನಿಸೋದು ಬಿಡೋದು ನಮಗಿರಲಿ ಮೇಷ್ಟ್ರೇ. ಬರೆದಿದ್ದಷ್ಟು ಓದಿ.” ಮೇಷ್ಟ್ರು ಮುಖ ಊದಿಸಿಕೊಂಡರು, ಮತ್ತೆ ಓದಿದರು. ಬೆತ್ತ ಹೆಣೆಯುವವನು ಆ ಧ್ವನಿಗೆ ಶಾಪ ಹಾಕುತ್ತಲೇ ಕಾರ್ಡು ಒಯ್ಯತೊಡಗಿದ. ಹುಡುಗಿ ಪದವಿ ಮುಗಿಸಿ, ವಿಭಾಗದಲ್ಲೇ ಅರ್ಧ ದಿನದ ಕೆಲಸಕ್ಕೆ ಸೇರಿದಳು.

ಇತ್ತ ಮನೆಯಲ್ಲೂ ಒಂದು ಮಾತು ನಡೆಯಿತು. ಲೈನಕ್ಕ ಊಟದ ಹೊತ್ತಿನಲ್ಲಿ, ತಾನು ಬೇರೆ ಕೋಣೆ ನೋಡಿಕೊಂಡಿದ್ದೇನೆ ಎಂದಳು. ಅಣ್ಣ ತುತ್ತು ನಿಲ್ಲಿಸಿ, “ಈ ವಯಸ್ಸಲ್ಲಾ? ಇದೇನು ಯಾವುದೋ ಪುಸ್ತಕ ಕೇಳಿ ಬಂದ ಹುಚ್ಚಾ?” ಎಂದು ಕೇಳಿದ.

“ಅಲ್ಲಣ್ಣ. ಪುಸ್ತಕ ಕೇಳಿ ಒಂದು ಸಲ ಕೆಟ್ಟೆ. ಈ ಸಲ ಯಾರನ್ನೂ ಕೇಳಿಲ್ಲ.”

ಅತ್ತಿಗೆ, “ಹೋಗಲಿ ಬಿಡಿ, ಅವಳು ಯಾವತ್ತು ನಮ್ಮ ಮಾತು ಕೇಳಿದಾಳೆ” ಎಂದಳು. ಇಪ್ಪತ್ತು ವರ್ಷ ಆ ಮನೆಯ ಹಿಂದಿನ ಕೋಣೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತವಳಿಗೆ ಆ ಮಾತು! ಲೈನಕ್ಕನಿಗೆ ನಗುವೂ ಬಂತು, ಸಿಟ್ಟೂ ಬಂತು. ಎರಡನ್ನೂ ನುಂಗಿಕೊಂಡು ತಟ್ಟೆ ತೊಳೆದಿಟ್ಟಳು. ಹೊಸ ಕೋಣೆಯಲ್ಲಿ ಮೊದಲ ವಾರವೇ ಮತ್ತೆ ಕೈ ಸುಟ್ಟುಕೊಂಡಳು. ಲಾಂಡ್ರಿಯವನ ವಿಷಯವನ್ನು ಯಾರ ಹತ್ತಿರವೂ ಎತ್ತಲಿಲ್ಲ.

ಓದುವ ಮೇಡಂ ಅವಳಿಗೆ ಇನ್ನೊಮ್ಮೆ ಸಿಕ್ಕಿದ್ದು ಮಾರನೇ ವರ್ಷ, ಆಸ್ಪತ್ರೆ ಎದುರಿನ ಬಸ್ ನಿಲ್ದಾಣದಲ್ಲಿ. ಜನ ಕಿಕ್ಕಿರಿದಿದ್ದರು. ಪಕ್ಕದಲ್ಲಿ ಆ ಧ್ವನಿ ಕೇಳಿತು. ವಯಸ್ಸಾಗಿ ಸ್ವಲ್ಪ ಒಡೆದಿತ್ತು, ಬೆಚ್ಚಗೆ ಮಾತ್ರ ಹಾಗೇ ಇತ್ತು.

“ನನ್ನ ಮೇಲೆ ಇನ್ನೂ ಕೋಪಾನಾ?”

“ಹೌದು ಮೇಡಂ” ಎಂದಳು ಲೈನಕ್ಕ.

ಮೇಡಂ ನಿಟ್ಟುಸಿರು ಬಿಟ್ಟರು. ಬಸ್ಸೊಂದು ಬಂದು ನಿಂತ ಸದ್ದಾಯಿತು. “ಎಲ್ಲಿಗೆ ಹೋಗಬೇಕು? ಬೋರ್ಡು ನೋಡಿ ಹೇಳ್ತೀನಿ ಇರು” ಎಂದರು ಮೇಡಂ.

“ಬೇಡ ಮೇಡಂ” ಎಂದು ಲೈನಕ್ಕ ಕೋಲು ಮುಂದಿಟ್ಟು ಜನರ ನಡುವೆ ದಾರಿ ಮಾಡಿಕೊಂಡಳು. ಬಾಗಿಲ ಕಂಬಿ ಕೈಗೆ ಸಿಕ್ಕಿತು. ಒಂದು ಕಾಲು ಮೆಟ್ಟಿಲ ಮೇಲಿಟ್ಟು, ಒಳಗಿನ ಡ್ರೈವರಿಗೆ ಕೇಳಿಸುವಂತೆ ಗಟ್ಟಿಯಾಗಿ ಕೂಗಿದಳು, “ರೀ, ಈ ಬಸ್ಸು ಎಲ್ಲಿಗೆ ಹೋಗುತ್ತೆ?”